ತುಂಗಭದ್ರೆಯ ಎಲ್ಲೆ ಮತ್ತು ಪೋಲೀಸು ಸಹಕಾರದ ಹೊರಗುಳಿದ ಸರಕಾರಗಳು

ಸಂಗನಕಲ್ಲು, ಕುರುಗೋಡು, ಸಿರುಗುಪ್ಪಗಳನ್ನೊಳಗೊಂಡ ಬಳ್ಳಾರಿ ಸೀಮೆಯು 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಸಿರುಗುಪ್ಪದ ಎದುರುದಡದ ರಾಯಚೂರು ಸೀಮೆಯು, 1853ರಿಂದ 1860ರವರೆಗಿನ ಅವಧಿಯನ್ನು ಬಿಟ್ಟರೆ, 1948ರವರೆಗೂ ನಿಜಾಮನ ಆಳಿಕೆಯಲ್ಲಿಯೇ ಇದ್ದಿತು. ಹೀಗೆ ತುಂಗಭದ್ರೆಯು ಎರಡು ಸರಕಾರಗಳ ನಡುವಣ ಎಲ್ಲೆಯಾಯಿತು. ಹೊಳೆ ದಾಟಿದ ಅಪರಾಧಿಯನ್ನು ಮರಳಿ ಪಡೆಯುವುದು ಹೇಗೆ? ಸಮಾನಸ್ಕಂಧವೆಂದು ಎಣಿಸದ ಸರಕಾರದೊಡನೆ ಪೋಲೀಸು ಸಹಕಾರ ಸಾಧ್ಯವೆ? ಈ ಪ್ರಶ್ನೆಗಳಿಗೆ ಇತಿಹಾಸವು ಕೊಟ್ಟ ಉತ್ತರಗಳನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ಉತ್ತರ ಬಲಪ್ರಯೋಗದ್ದು. ಠಕ್ಕರ ದಮನಕ್ಕಾಗಿ ಕಂಪನಿ ಸರಕಾರವು ಮಾಡಿದ 1836ರ 30ನೆಯ ಕಾಯಿದೆಯು, ಠಕ್ಕರ ತಂಡಕ್ಕೆ ಸೇರಿದ್ದವನು ಕಂಪನಿಯ ನೆಲದೊಳಗಿದ್ದಿರಲಿ ಹೊರಗಿದ್ದಿರಲಿ, ಅವನಿಗೆ ಆಜೀವ ಸೆರೆಯನ್ನು ವಿಧಿಸಿತು. ಸಂಸ್ಥಾನಗಳ ನೆಲವು ಕಾಯಿದೆಯ ವ್ಯಾಪ್ತಿಗೆ ಬಂದಿತು. ಸಂಸ್ಥಾನಗಳ ಸಮ್ಮತಿಗೆ ಅದರಲ್ಲಿ ಎಡೆ ದೊರೆಯಲಿಲ್ಲ.

ಎರಡನೆಯದು ಮಧ್ಯವರ್ತಿಯ ಮಾರ್ಗ. 1867ರಲ್ಲಿ ಬ್ರಿಟಿಷರಿಗೂ ಹೈದರಾಬಾದಿಗೂ ಅಪರಾಧಿಗಳನ್ನು ಒಪ್ಪಿಸುವ ಒಪ್ಪಂದವಾಯಿತು. 1903ರ ಕಾಯಿದೆಯು ಸಂಸ್ಥಾನಗಳನ್ನು ‘ವಿದೇಶವಲ್ಲದ ರಾಜ್ಯ’ಗಳೆಂದು ಬೇರ್ಪಡಿಸಿತು. ಅಲ್ಲಿ ಅಪರಾಧವೆಸಗಿ ಬ್ರಿಟಿಷ್ ಇಂಡಿಯಾಕ್ಕೆ ಓಡಿಬಂದವನನ್ನು ಹಿಡಿಯಲು ಆ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಪ್ರತಿನಿಧಿಯು ಜಿಲ್ಲಾ ಮ್ಯಾಜಿಸ್ಟ್ರೇಟನಿಗೆ ವಾರಂಟು ಕಳುಹಿಸಬಹುದಾಗಿತ್ತು. ಐರೋಪ್ಯ ಬ್ರಿಟಿಷ್ ಪ್ರಜೆಗಳಿಗೆ ಈ ನಿಯಮವು ಅನ್ವಯಿಸುತ್ತಿರಲಿಲ್ಲ. ಕಾರ್ಯವೇನೋ ಸಾಗಿತು, ಆದರೆ ವಾರಂಟಿನ ಮೇಲಿನ ರುಜು ನಿಜಾಮ ಸರಕಾರದ್ದಾಗಿರಲಿಲ್ಲ.

1947ರಲ್ಲಿ ಸಾರ್ವಭೌಮತ್ವವು ಅಳಿದೊಡನೆ ಆ ಮಧ್ಯವರ್ತಿಯೂ ಮರೆಯಾದನು. ನವೆಂಬರ್ 29ರ ಯಥಾಸ್ಥಿತಿ ಒಪ್ಪಂದವು ಹಳೆಯ ಆಡಳಿತ ವ್ಯವಸ್ಥೆಗಳನ್ನು ಮುಂದುವರಿಸಿ, ದೆಹಲಿ ಹೈದರಾಬಾದುಗಳಲ್ಲಿ ಪರಸ್ಪರ ಪ್ರತಿನಿಧಿಗಳನ್ನು ನೇಮಿಸಿತು. ಆದರೆ ಕಾಗದದ ಸಹಕಾರವು ಗಡಿಯಲ್ಲಿ ನಿಲ್ಲಲಿಲ್ಲ. ಭಾರತದ ನೆಲದಲ್ಲಿ ಶಿಬಿರ ಹೂಡಿದ ಹೋರಾಟಗಾರನು ನಿಜಾಮನಿಗೆ ಅಪರಾಧಿ, ನಮ್ಮವರಿಗೆ ದೇಶಭಕ್ತ; ರಜಾಕಾರನಾದರೋ ಅಲ್ಲಿ ಸ್ವಯಂಸೇವಕ, ಇಲ್ಲಿ ದರೋಡೆಗಾರ. ಯಾರು ಅಪರಾಧಿಯೆಂಬುದರಲ್ಲಿಯೇ ಒಮ್ಮತವಿಲ್ಲದಾಗ ಒಪ್ಪಿಸುವ ಮಾತೆಲ್ಲಿಯದು? 1948ರ ಆಗಸ್ಟ್ 21ರಂದು ಹೈದರಾಬಾದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರಿತ್ತಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಗಡಿ ದಾಟಿತು. 17ರಂದು ನಿಜಾಮನು ಶರಣಾದನು. ಸಂಡೂರು 1949ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಯಿತು.

ಅದೇ 1949ರಲ್ಲಿ ಭಾರತವು ಅಂತರರಾಷ್ಟ್ರೀಯ ಪೋಲೀಸು ಸಂಘಟನೆಯ ಸದಸ್ಯತ್ವ ಪಡೆಯಿತೆಂಬುದು ಗಮನಾರ್ಹ. ಇಂದು ಇಂಟರ್‌ಪೋಲ್ ಎನಿಸಿಕೊಂಡಿರುವ ಈ ಸಂಘಟನೆಯ 1956ರ ಸಂವಿಧಾನದ 3ನೆಯ ವಿಧಿಯು ರಾಜಕೀಯ, ಸೈನಿಕ, ಧಾರ್ಮಿಕ, ಜನಾಂಗೀಯ ವಿಷಯಗಳಲ್ಲಿ ಕೈಹಾಕುವುದನ್ನು ನಿಷೇಧಿಸುತ್ತದೆ. ಹೊಸ ಸದಸ್ಯರಿಗೆ ಮಹಾಸಭೆಯ ಮೂರರಲ್ಲಿ ಎರಡು ಪಾಲು ಬೆಂಬಲ ಬೇಕು. ಪ್ರವೇಶದ ಬಾಗಿಲಲ್ಲಿಯಾದರೋ ರಾಜಕೀಯವು ತಪ್ಪಿಲ್ಲ. 1984ರಲ್ಲಿ ಚೀನ ಜನತಾ ಗಣರಾಜ್ಯವು ಒಳಬಂದಾಗ ತೈವಾನ್ ಸ್ಥಾನ ಕಳೆದುಕೊಂಡಿತು. ವೀಕ್ಷಕ ಸ್ಥಾನವನ್ನಾದರೂ ದೊರಕಿಸಲು ಅಮೆರಿಕವು 2016ರಲ್ಲಿ ಕಾನೂನನ್ನೇ ರಚಿಸಿತು. 2017ರಲ್ಲಿ ಪ್ಯಾಲಸ್ಟೈನ್ ಅಂಗೀಕೃತವಾಯಿತು. 2018ರಲ್ಲಿ ಕೊಸೊವೊ ತಿರಸ್ಕೃತವಾಯಿತು.

ಹೊರಗಿಟ್ಟ ಸರಕಾರದ ನೆಲವು ಭೂಪಟದಿಂದ ಅಳಿಸಿಹೋಗುವುದಿಲ್ಲ. ಅದು ಅಪರಾಧಿಗೆ ಆಶ್ರಯವಾಗಿ ಉಳಿಯುತ್ತದೆ. ಮಾನ್ಯತೆಯ ಪ್ರಶ್ನೆಯನ್ನು ಬದಿಗಿಟ್ಟು, ಸಾಮಾನ್ಯ ಅಪರಾಧದ ಮಟ್ಟಿಗೆ ನೇರ ವ್ಯವಹಾರಕ್ಕೆ ದಾರಿ ಮಾಡುವ ರಾಜತಂತ್ರವೇ ಯುಕ್ತವಾದುದು. ಆ ದಾರಿ ಇಲ್ಲದಿದ್ದಾಗ ಅದರ ಬೆಲೆಯನ್ನು ತೆತ್ತವರು ಅರಸರಲ್ಲ, ಹೊಳೆಯ ಎರಡು ದಡಗಳ ಗ್ರಾಮಸ್ಥರು.