ಸರಾಸರಿಯೆಂಬ ಅಳತೆಗೋಲು

ಪ್ರಮಾಣವು ನಿಶ್ಚಯವಾಗದೆ ಪ್ರಮೇಯವು ಸಿದ್ಧಿಸದೆಂಬುದು ತಾರ್ಕಿಕರ ಮತವು. ಸಮಾಜದೊಳಗಣ ಏರುಪೇರುಗಳನ್ನು ಅಳೆಯಹೊರಟವರಿಗೂ ಈ ನಿಯಮವು ತಪ್ಪಿದ್ದಲ್ಲ. ಕನ್ನಡನಾಡಿನ ಇತಿಹಾಸವೇ ಇದಕ್ಕೆ ಸಾಕ್ಷಿಯಾಗಿದೆ.

ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿರಲು, 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್‌ರ ಸಮಿತಿಯು ಏರ್ಪಟ್ಟಿತು. ಸರಕಾರಿ ನೌಕರಿಯಲ್ಲಿ ಯಾವ ಜನಾಂಗದವರು ಎಷ್ಟು ಮಂದಿ ಇರುವರೆಂಬುದೇ ಅದರ ಮುಖ್ಯ ವಿಚಾರವು. ಏಳು ವರ್ಷಗಳೊಳಗೆ ಮೇಲ್ತರದ ಹುದ್ದೆಗಳಲ್ಲಿ ಅರ್ಧವೂ ಕೆಳತರದವುಗಳಲ್ಲಿ ಮೂರರಲ್ಲೆರಡು ಪಾಲೂ ಬ್ರಾಹ್ಮಣೇತರರಿಗೆ ಸಲ್ಲಬೇಕೆಂದು ಅದು ಸೂಚಿಸಿತು. ಎಲ್ಲಮ್ಮನ ಗುಡ್ಡದ ಬಳಿಯ ಉಗರಗೋಳವೂ ಸವದತ್ತಿ ಸೀಮೆಯೂ ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ಅಲ್ಲಿ 1930ರಲ್ಲಿ ವರದಿಯನ್ನೊಪ್ಪಿಸಿದ ಸ್ಟಾರ್ಟ್ ಸಮಿತಿಯು, ಡಾ. ಅಂಬೇಡಕರರೂ ಅದರಲ್ಲೊಬ್ಬ ಸದಸ್ಯರು, ಹಿಂದುಳಿದವರನ್ನು ದಲಿತರು, ಗಿರಿಜನರು, ಇತರರು ಎಂದು ಮೂರಾಗಿ ವಿಂಗಡಿಸಿತು. ಒಂದೆಡೆ ಹುದ್ದೆಗಳ ಲೆಕ್ಕವು; ಇನ್ನೊಂದೆಡೆ ಸಾಮಾಜಿಕ ಸ್ಥಿತಿಯ ವಿವೇಚನೆಯು.

1956ರ ನವೆಂಬರ 1ರಂದು ಈ ಎರಡು ಸೀಮೆಗಳೂ ಒಂದೇ ರಾಜ್ಯವಾಗಲು, ಒಂದೇ ಅಳತೆಗೋಲು ಬೇಕಾಯಿತು. 1960ರಲ್ಲಿ ನೇಮಕಗೊಂಡ ನಾಗನಗೌಡ ಸಮಿತಿಯು, ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿ ಸಾವಿರ ಜನಸಂಖ್ಯೆಗೆ ಎಷ್ಟು ವಿದ್ಯಾರ್ಥಿಗಳಿರುವರೆಂದು ಜಾತಿವಾರು ಎಣಿಸಿತು. ರಾಜ್ಯದ ಸರಾಸರಿಯು 6.9, ಲಿಂಗಾಯತರದು 7.1. ಸಮಿತಿಯು ಅವರನ್ನು ಮುಂದುವರಿದವರೆಂದಿತು. ಸರಕಾರವು ಹಿಂದುಳಿದವರ ಪಟ್ಟಿಯಲ್ಲಿರಿಸಿತು. ಇಂತು ದಶಾಂಶದ ಎರಡು ಅಂಶಗಳು ರಾಜ್ಯದ ದೊಡ್ಡ ವಿವಾದವಾದವು. 1962ರ ಜುಲೈ ತಿಂಗಳಿನ ಆಜ್ಞೆಯು ವೈದ್ಯ ಹಾಗೂ ಇಂಜಿನಿಯರಿಂಗ್ ಕಾಲೇಜುಗಳ ಸ್ಥಾನಗಳಲ್ಲಿ ನೂರಕ್ಕೆ 68ನ್ನು ಕಾದಿರಿಸಲು, ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಅದೇ ವರ್ಷ ರದ್ದುಗೊಳಿಸಿತು. ಜಾತಿಯೊಂದೇ ಹಿಂದುಳಿದಿರುವಿಕೆಗೆ ಪ್ರಮಾಣವಾಗಲಾರದು, ಸರಾಸರಿಗಿಂತ ಬಹಳ ಕೆಳಗಿರುವವರೇ ಹಿಂದುಳಿದವರು, ಕಾದಿರಿಸುವಿಕೆಯು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕು ಎಂಬುದು ಅದರ ನಿರ್ಣಯವು.

ಆದರೆ ಸರಾಸರಿಗೆ ಇನ್ನೊಂದು ದೋಷವುಂಟು. 1916ರಲ್ಲಿ ಕೆ. ಎಲ್. ಇ. ಸಂಸ್ಥೆಯು ಹುಟ್ಟಿದ ಬೆಳಗಾವಿಯ ವಕೀಲನ ಮಗನೂ, ಉಗರಗೋಳದ ಒಣಬೇಸಾಯಗಾರನ ಮಗನೂ 7.1 ಎಂಬ ಒಂದೇ ಅಂಕೆಯಲ್ಲಿ ಅಡಗುವರು. ಶಾಲೆಯ ಮೆಟ್ಟಿಲನ್ನು ಹತ್ತದ ಹೆಣ್ಣುಮಕ್ಕಳನ್ನಂತೂ ಆ ಅಂಕೆಯು ಬೇರೆಯಾಗಿ ತೋರಿಸದು. ಜಾತಿ ಜಾತಿಗಳ ಅಂತರವು ಸತ್ಯವೇ. ಜಾತಿಯೊಳಗಣ ಅಂತರವೂ ಅಷ್ಟೇ ಸತ್ಯ. 1972ರ ಹಾವನೂರ ಆಯೋಗವು ಮನೆಮನೆಯ ಮಾದರಿ ಸಮೀಕ್ಷೆಯನ್ನು ಕೈಕೊಂಡುದಕ್ಕೂ, 2015ರಲ್ಲಿಯೂ 2025ರಲ್ಲಿಯೂ ರಾಜ್ಯವು ಮತ್ತೆ ಬಾಗಿಲು ಬಾಗಿಲಿಗೆ ಹೋಗಿ ಕೇಳಬೇಕಾದುದಕ್ಕೂ ಇದು ಸಾಲದೆ?

ಅಳೆಯದಿದ್ದರೆ ಅನ್ಯಾಯವು ಕಣ್ಣಿಗೆ ಬೀಳದು. ಅಳತೆಯು ಒರಟಾದರೆ, ಎಲ್ಲರಿಗಿಂತ ಕೆಳಗಿರುವವನು ತನ್ನವರ ಸರಾಸರಿಯ ನೆರಳಿನಲ್ಲಿಯೇ ಮರೆಯಾಗುವನು.