ಮಕ್ಕಳ ವೈದ್ಯಶಾಸ್ತ್ರದಲ್ಲಿ ಕಿರಿಯ ವೈದ್ಯರ ಬೋಧನೆ

ಮಕ್ಕಳ ವೈದ್ಯಶಾಸ್ತ್ರದಲ್ಲಿ ಕಿರಿಯ ವೈದ್ಯರ ಬೋಧನೆ ಎಂದರೆ ಸ್ನಾತಕೋತ್ತರ ವ್ಯಾಸಂಗದಲ್ಲಿರುವ ಅಥವಾ ಅದನ್ನು ಇತ್ತೀಚೆಗೆ ಮುಗಿಸಿದ ವೈದ್ಯರು ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಮಕ್ಕಳ ಆರೋಗ್ಯದ ವಿಷಯವನ್ನು ವಾರ್ಡು ಹಾಗೂ ಹೊರರೋಗಿ ವಿಭಾಗಗಳಲ್ಲಿ ಕಲಿಸುವ ಪದ್ಧತಿ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆಯಲ್ಲಿರುವ ಎಂ.ವಿ.ಜೆ. ವೈದ್ಯಕೀಯ ಕಾಲೇಜು ಮತ್ತು ದೇವನಹಳ್ಳಿಯಲ್ಲಿರುವ ಆಕಾಶ್ ವೈದ್ಯಕೀಯ ವಿಜ್ಞಾನ ಸಂಸ್ಥೆಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ.

ಹಿನ್ನೆಲೆ

ಬೆಂಗಳೂರಿನಲ್ಲಿ 1935ರಲ್ಲಿ ಆರಂಭವಾದ ವಾಣಿವಿಲಾಸ ಆಸ್ಪತ್ರೆಯು ಮಹಿಳೆಯರ ಮತ್ತು ಮಕ್ಕಳ ಚಿಕಿತ್ಸೆಗೆ ಮೀಸಲಾಗಿದ್ದು, 1955ರಲ್ಲಿ ಸ್ಥಾಪನೆಯಾದ ಬೆಂಗಳೂರು ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆಗಳಲ್ಲಿ ಒಂದಾಗಿದೆ. ಮಕ್ಕಳ ವೈದ್ಯಶಾಸ್ತ್ರದ ಎಂ.ಡಿ. ವ್ಯಾಸಂಗದ ಅವಧಿ ಮೂರು ವರ್ಷ. ಪದವಿ ವಿದ್ಯಾರ್ಥಿಗಳ ಮತ್ತು ಹೌಸ್ ಸರ್ಜನ್‌ಗಳ ಬೋಧನೆಯಲ್ಲಿ ಪಾಲ್ಗೊಳ್ಳುವುದು ಸ್ನಾತಕೋತ್ತರ ವಿದ್ಯಾರ್ಥಿಗಳ ತರಬೇತಿಯ ಭಾಗವೆಂದು ಭಾರತದ ವೈದ್ಯಕೀಯ ಶಿಕ್ಷಣದ ನಿಯಮಗಳು ಹೇಳುತ್ತವೆ. 2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ಕೌಶಲಗಳನ್ನು ಮಾಡಿ ಕಲಿಯುವುದಕ್ಕೆ ಒತ್ತು ನೀಡಿದೆ.

ಬೋಧನೆಯ ವಿಷಯಗಳು

ಪ್ರಾಧ್ಯಾಪಕರ ರೌಂಡ್ಸ್‌ಗೆ ಮುನ್ನ ಮತ್ತು ರಾತ್ರಿ ಪಾಳಿಯಲ್ಲಿ ಕಿರಿಯ ವೈದ್ಯರೇ ವಿದ್ಯಾರ್ಥಿಗಳಿಗೆ ಹತ್ತಿರದ ಬೋಧಕರಾಗಿರುತ್ತಾರೆ. ಮಗು ತನ್ನ ನೋವನ್ನು ಹೇಳಿಕೊಳ್ಳಲಾರದು. ಆದ್ದರಿಂದ ತಾಯಿಯ ಮಾತನ್ನು ಆಲಿಸುವುದು, ಮಗು ತಾಯಿಯ ಮಡಿಲಲ್ಲಿರುವಾಗಲೇ ಪರೀಕ್ಷಿಸುವುದು, ಅಳು ತರಿಸುವ ಗಂಟಲು ಮತ್ತು ಕಿವಿಯ ಪರೀಕ್ಷೆಯನ್ನು ಕೊನೆಗೆ ಉಳಿಸುವುದು ಆರಂಭಿಕ ಪಾಠಗಳಾಗಿವೆ.

ಉಸಿರಾಟವನ್ನು ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿನಲ್ಲಿ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ವೇಗದ ಉಸಿರಾಟವೆಂದು ಪರಿಗಣಿಸಲಾಗುತ್ತದೆ. ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುವುದನ್ನು ಬಟ್ಟೆ ಸರಿಸಿ ನೋಡಬೇಕು. ಅವಸರದಲ್ಲಿ ಎಣಿಕೆ ತಪ್ಪಿದರೆ ನ್ಯುಮೋನಿಯಾ ಇರುವ ಮಗುವನ್ನು ಮನೆಗೆ ಕಳುಹಿಸುವ ಅಪಾಯವಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಮಧ್ಯದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಲಕ್ಷಣ. ಭೇದಿಯಾದಾಗ ಓಆರ್‌ಎಸ್ ದ್ರಾವಣ ಹಾಗೂ ಸತುವಿನ ಮಾತ್ರೆ ನೀಡುವ ವಿಧಾನ, ಲಸಿಕೆಗಳ ವೇಳಾಪಟ್ಟಿ ಮತ್ತು ಎದೆಹಾಲು ಉಣಿಸುವ ಕ್ರಮವನ್ನೂ ಕಲಿಸಲಾಗುತ್ತದೆ.

ಗ್ರಾಮಾಂತರ ಪರಿಸರ

ದೊಡ್ಡಬಳ್ಳಾಪುರದ ಮಗ್ಗಗಳು, ನೆಲಮಂಗಲದ ಕೈಗಾರಿಕೆಗಳು ಹಾಗೂ ದೇವನಹಳ್ಳಿ ವಿಮಾನ ನಿಲ್ದಾಣದ ಆಸುಪಾಸಿನ ಕಾಮಗಾರಿಗಳು ಹೊರ ಊರುಗಳ ಕಾರ್ಮಿಕ ಕುಟುಂಬಗಳನ್ನು ಸೆಳೆದಿವೆ. ಊರು ಬದಲಿಸುವ ಕುಟುಂಬಗಳ ಮಕ್ಕಳಿಗೆ ಲಸಿಕೆ ತಪ್ಪುವ ಸಂಭವ ಹೆಚ್ಚಾದುದರಿಂದ ತಾಯಿ ಕಾರ್ಡನ್ನು ಪರಿಶೀಲಿಸುವುದು ಮುಖ್ಯ. ಪರರಾಜ್ಯದ ವಿದ್ಯಾರ್ಥಿಗಳಿಗೆ ತಾಯಂದಿರೊಡನೆ ಮಾತನಾಡಲು ಕನ್ನಡ ಅಗತ್ಯ. ಎಂಬಿಬಿಎಸ್ ಆರಂಭದ ಬುನಾದಿ ತರಗತಿಗಳಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಅವಕಾಶವಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಮೂರು ತಿಂಗಳು ಕಡ್ಡಾಯವಾಗಿ ಸೇವೆ ಸಲ್ಲಿಸಬೇಕು.

ಪ್ರಯೋಜನಗಳು ಮತ್ತು ಮಿತಿಗಳು

ಕಿರಿಯ ವೈದ್ಯರು ತಾವೇ ಇತ್ತೀಚೆಗೆ ವಿದ್ಯಾರ್ಥಿಗಳಾಗಿದ್ದುದರಿಂದ ಕಲಿಯುವವರ ತೊಡಕುಗಳನ್ನು ಬಲ್ಲರು. ಅವರೊಡನೆ ವಿದ್ಯಾರ್ಥಿಗಳು ಸಂಕೋಚವಿಲ್ಲದೆ ಸಂದೇಹ ಕೇಳಬಲ್ಲರು. ಕಲಿಸುವವರ ಜ್ಞಾನವೂ ಗಟ್ಟಿಯಾಗುತ್ತದೆ. ಆದರೆ ದೀರ್ಘ ಪಾಳಿಯ ಆಯಾಸ ಮತ್ತು ರೋಗಿಗಳ ದಟ್ಟಣೆ ಬೋಧನೆಯ ಸಮಯವನ್ನು ಕಸಿಯುತ್ತವೆ. ಬೋಧಕನ ತಪ್ಪು ಅಭ್ಯಾಸ ವಿದ್ಯಾರ್ಥಿಗೂ ದಾಟುವುದರಿಂದ ಹಿರಿಯರ ಮೇಲ್ವಿಚಾರಣೆ ಅವಶ್ಯಕ. ಒಂದೇ ಮಗುವನ್ನು ಹಲವರು ಮತ್ತೆ ಮತ್ತೆ ಪರೀಕ್ಷಿಸಿ ದಣಿಸಬಾರದು. ಪೋಷಕರ ಒಪ್ಪಿಗೆಯಿಲ್ಲದೆ ಪರೀಕ್ಷಿಸಲೂ ಬಾರದು.

ಇವನ್ನೂ ನೋಡಿ

ಮಕ್ಕಳ ವೈದ್ಯಶಾಸ್ತ್ರ
ಬೆಂಗಳೂರು ಗ್ರಾಮಾಂತರ ಜಿಲ್ಲೆ
ವಾಣಿವಿಲಾಸ ಆಸ್ಪತ್ರೆ