ಉಡುಪಿಯಲ್ಲಿ ಉಣ್ಣುವ ತಾಣಗಳು

ಪರಸ್ಥಳಕ್ಕೆ ಹೋದವನು ಮೊಟ್ಟಮೊದಲು ಕೇಳುವ ಪ್ರಶ್ನೆಯು “ಇಲ್ಲಿ ಊಟಕ್ಕೆ ಎಲ್ಲಿ?” ಎಂಬುದಷ್ಟೆ. ಈ ಪ್ರಶ್ನೆಗೆ ಊರು ಕೊಡುವ ಉತ್ತರದಲ್ಲಿ ಆ ಊರಿನ ಚರಿತ್ರೆಯ ಒಂದಂಶವು ಅಡಗಿರುವುದುಂಟು. ಪಡುಗಡಲಿಗೆ ಸಮೀಪದಲ್ಲಿರುವ ಉಡುಪಿಯ ಮಟ್ಟಿಗಂತೂ ಇದು ಪೂರ್ಣವಾಗಿ ಸತ್ಯವು. ಪೂರ್ವದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿದ್ದಿತು: “ಮಠದಲ್ಲಿ.”

ಹದಿಮೂರನೆಯ ಶತಮಾನದಲ್ಲಿ ಶ್ರೀ ಮಧ್ವಾಚಾರ್ಯರು ಇಲ್ಲಿ ಶ್ರೀಕೃಷ್ಣವಿಗ್ರಹವನ್ನು ಪ್ರತಿಷ್ಠಿಸಿ, ಪೂಜೆಯ ಭಾರವನ್ನು ತಮ್ಮ ಎಂಟು ಮಂದಿ ಯತಿಶಿಷ್ಯರಿಗೆ ವಹಿಸಿದರು. ಮೊದಲು ಎರಡು ತಿಂಗಳಿಗೊಮ್ಮೆ ಸರದಿಯು ಬದಲಾಗುತ್ತಿದ್ದಿತು. ಹದಿನಾರನೆಯ ಶತಮಾನದಲ್ಲಿ ಸೋದೆ ಮಠದ ಶ್ರೀ ವಾದಿರಾಜರು ಇದನ್ನು ಎರಡು ವರ್ಷಗಳ ಪರ್ಯಾಯವಾಗಿ ಮಾರ್ಪಡಿಸಿದರು. ಹಿಂದೆ ಸರದಿಗೂ ಸರದಿಗೂ ನಡುವೆ ಹದಿನಾಲ್ಕು ತಿಂಗಳು ಮಾತ್ರ ಬಿಡುವಿದ್ದರೆ, ಅಂದಿನಿಂದ ಹದಿನಾಲ್ಕು ವರ್ಷಗಳು ದೊರೆತವು. ದೇಶಸಂಚಾರಕ್ಕೂ ದ್ರವ್ಯಸಂಗ್ರಹಕ್ಕೂ ಇದರಿಂದ ಅವಕಾಶವಾಯಿತು.

ಪರ್ಯಾಯದ ಪೂರ್ವಸಿದ್ಧತೆಗಳನ್ನು ಗಮನಿಸಿದರೆ ಒಂದು ವಿಶೇಷವು ಕಂಡುಬರುವುದು. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂಬ ನಾಲ್ಕೂ ಅನ್ನಕ್ಕೆ ಸಂಬಂಧಿಸಿದವುಗಳೇ. ಕಟ್ಟಿಗೆಯನ್ನು ಮಧ್ವಸರೋವರದ ಬಳಿಯಲ್ಲಿ ರಥಾಕಾರವಾಗಿ ಒಟ್ಟುವರು. ಅಧಿಕಾರವನ್ನು ಒಪ್ಪಿಸುವಾಗ ಗರ್ಭಗುಡಿಯ ಬೀಗದ ಕೈಯೊಡನೆ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಕೊಡುವರು. ಸಟ್ಟುಗವೇ ಅಧಿಕಾರದ ಲಾಂಛನವಾಗಿರುವ ಪೀಠಗಳು ಲೋಕದಲ್ಲಿ ಹೆಚ್ಚಿರಲಾರವು.

ಈ ಅಡುಗೆಮನೆಯಲ್ಲಿ ನೀರುಳ್ಳಿ ಬೆಳ್ಳುಳ್ಳಿಗಳಿಗೆ ಪ್ರವೇಶವಿಲ್ಲ. ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದರಂತೆ ವ್ರತವಿರುವುದರಿಂದ ಪದಾರ್ಥಗಳು ಇನ್ನಷ್ಟು ಕಡಮೆಯಾಗುವುವು. ಇದ್ದುದರಲ್ಲಿಯೇ ತೆಂಗಿನಕಾಯಿ, ಬೇಳೆ, ಮಟ್ಟುಗುಳ್ಳಗಳಿಂದ ಸಾರು, ಹುಳಿ, ಪಾಯಸಗಳನ್ನು ಸಹಸ್ರಾರು ಜನರಿಗೆ ಏಕಕಾಲದಲ್ಲಿ ಸಿದ್ಧಪಡಿಸುವ ಕೌಶಲವು ಇಲ್ಲಿಯ ಪಾಕಶಾಸ್ತ್ರಜ್ಞರಿಗೆ ಕೈಗತವಾಯಿತು.

ಆದರೆ ಚರಿತ್ರೆಯನ್ನು ಬರೆಯುವವನು ಎಲೆಯ ಮೇಲಿನ ಪದಾರ್ಥಗಳನ್ನು ಮಾತ್ರ ಎಣಿಸಿದರೆ ಸಾಲದು. ಎಲೆಯ ಮುಂದೆ ಯಾರು ಯಾರ ಪಕ್ಕದಲ್ಲಿ ಕುಳಿತರೆಂಬುದನ್ನೂ ಹೇಳಬೇಕು. ಅನ್ನಕ್ಕೆ ಬೆಲೆಯಿರಲಿಲ್ಲ, ಪಂಕ್ತಿಗೆ ಭೇದವಿದ್ದಿತು. ಬ್ರಾಹ್ಮಣರ ಪಂಕ್ತಿಯು ಬೇರೆ, ಇತರರದು ಬೇರೆ. ಹಸಿವು ಎಲ್ಲರಿಗೂ ಒಂದೇ ಆಗಿದ್ದರೂ ಅದನ್ನು ತೀರಿಸಿಕೊಳ್ಳುವ ಸ್ಥಳವು ಜನ್ಮದಿಂದ ನಿರ್ಣಯವಾಗುತ್ತಿದ್ದಿತು.

ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಈ ಪ್ರಾಂತದ ಜನರು ಜೀವನೋಪಾಯವನ್ನರಸಿ ಹೊರಟರು. ದಕ್ಷಿಣ ಕನ್ನಡವು 1956ರವರೆಗೆ ಮದರಾಸಿಗೆ ಸೇರಿದ್ದುದರಿಂದ ಅನೇಕರಿಗೆ ಆ ನಗರವೇ ಹತ್ತಿರವಾಯಿತು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ಅಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಉಪಾಹಾರಗೃಹವು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಖ್ಯಾತವಾಯಿತು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿಯ ಹೆಸರಿನಲ್ಲಿಯೇ ಭೋಜನಾಲಯವನ್ನು ಸ್ಥಾಪಿಸಿದರು. ಹೀಗೆ ಒಂದು ಊರಿನ ಹೆಸರು ಒಂದು ಬಗೆಯ ಊಟದ ಹೆಸರಾಯಿತು.

ನಾಣ್ಯಕ್ಕೆ ಜಾತಿಯಿಲ್ಲವಾದುದರಿಂದ ಹೋಟೆಲಿನಲ್ಲಿ ಪಂಕ್ತಿಭೇದವು ತಾನಾಗಿಯೇ ಅಳಿಯಿತೆಂದು ಕೆಲವರು ಹೇಳುವುದುಂಟು. ಇದು ಅರ್ಧಸತ್ಯ. ಮಯ್ಯ ಸಹೋದರರ ಸಂಸ್ಥೆಯ ಮೊದಲ ಹೆಸರೇ ಬ್ರಾಹ್ಮಣ ಕಾಫಿ ಕ್ಲಬ್ಬು. ಮದರಾಸು ಸೀಮೆಯ ರೈಲ್ವೆ ನಿಲ್ದಾಣಗಳ ಉಪಾಹಾರಗೃಹಗಳಲ್ಲಿ ಬ್ರಾಹ್ಮಣರಿಗೆಂದು ಇದ್ದ ಪ್ರತ್ಯೇಕ ಸ್ಥಳವು ರದ್ದಾದುದು 1941ರಲ್ಲಿ. ಹೋಟೆಲುಗಳ ಪ್ರವೇಶದಲ್ಲಿ ಜಾತಿಯ ನಿರ್ಬಂಧವು ಸಲ್ಲದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನವು ವಿಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಅದಕ್ಕೆ ದಂಡನೆಯ ಬಲವನ್ನು ಕೊಟ್ಟಿತು. ಆ ಮೇಲೆಯೂ 1957ರಲ್ಲಿ ಮದರಾಸಿನ ಒಂದು ಹೋಟೆಲಿನ ಹಲಗೆಯಿಂದ ‘ಬ್ರಾಹ್ಮಣ’ ಶಬ್ದವನ್ನು ತೆಗೆಸಲು ಚಳವಳಿಯು ನಡೆಯಬೇಕಾಯಿತು. ಆದುದರಿಂದ ನಾಣ್ಯವು ಬಾಗಿಲನ್ನು ತಟ್ಟಿತು. ತೆರೆಸಿದುದು ಜನರ ಒತ್ತಾಯವೂ ಕಾನೂನೂ ಎನ್ನುವುದೇ ನ್ಯಾಯವು.

ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ಉಡುಪಿಯ ಹೆಸರು ಶಾಕಾಹಾರಕ್ಕೆ ಪರ್ಯಾಯಪದವಾಗಿದ್ದರೂ, ರಥಬೀದಿಯಿಂದ ಅನತಿದೂರದಲ್ಲಿರುವ ಮಲ್ಪೆಯು ಮೀನಿನ ಬಂದರು. ಮೊಗವೀರರು ಮೊದಲಾದ ಅನೇಕರಿಗೆ ಕುಚ್ಚಲಕ್ಕಿಯ ಗಂಜಿಯೂ ಮೀನಿನ ಪದಾರ್ಥವೂ ನಿತ್ಯಾಹಾರ. ಈ ಊಟವನ್ನು ಬಿಟ್ಟು ಬರೆದ ಉಡುಪಿಯ ಚರಿತ್ರೆಯು ಒಂದು ಪಂಕ್ತಿಯನ್ನು ಎಬ್ಬಿಸಿ ಬಡಿಸಿದಂತೆಯೇ ಸರಿ.

ಪಂಕ್ತಿಯ ಪ್ರಶ್ನೆಯು ಹಳೆಯ ಕಾಲದ್ದು ಮಾತ್ರವಲ್ಲ. 2014ರಲ್ಲಿ ಇದೇ ಊರಿನಲ್ಲಿ ಪಂಕ್ತಿಭೇದವನ್ನು ಖಂಡಿಸಿ ಪ್ರತಿಭಟನೆಯಾಯಿತು. 2017ರ ರಂಜಾನಿನಲ್ಲಿ ಪೇಜಾವರದ ಶ್ರೀ ವಿಶ್ವೇಶತೀರ್ಥರು ತಮ್ಮ ಐದನೆಯ ಪರ್ಯಾಯದ ಕಾಲದಲ್ಲಿ ಶ್ರೀಕೃಷ್ಣಮಠದ ಭೋಜನಶಾಲೆಯಲ್ಲಿ ಮುಸಲ್ಮಾನ ಬಾಂಧವರಿಗೆ ಉಪವಾಸಾಂತ್ಯದ ಉಪಾಹಾರವನ್ನು ಏರ್ಪಡಿಸಿದರು. ಇದನ್ನು ಮೆಚ್ಚಿದವರೂ ಆಕ್ಷೇಪಿಸಿದವರೂ ಇದ್ದರು.

ಇಂದು ಉಡುಪಿಗೆ ಹೋದವನಿಗೆ ಊಟಕ್ಕೆ ಸ್ಥಳವು ಬೇಕಾದಷ್ಟುಂಟು. ಅಕ್ಷಯಪಾತ್ರೆಯ ಅಕ್ಷಯತ್ವವು ಅದರಲ್ಲಿರುವ ಅನ್ನದಿಂದ ಮಾತ್ರ ಸಿದ್ಧಿಸುವುದಿಲ್ಲ. ಅದರ ಸುತ್ತ ಒಟ್ಟಿಗೆ ಕುಳಿತುಕೊಳ್ಳುವವರಿಂದಲೂ ಸಿದ್ಧಿಸತಕ್ಕದ್ದು. ಬಾಳೆ, ಅಕ್ಕಿ, ಕಟ್ಟಿಗೆ, ಭತ್ತಗಳಿಗೆ ಮುಹೂರ್ತವನ್ನು ಕಂಡುಕೊಂಡ ಹಿರಿಯರ ಊರು ಸಹಪಂಕ್ತಿಗೂ ಸುಮುಹೂರ್ತವನ್ನು ಕಂಡುಕೊಳ್ಳಲೆಂಬುದು ಅಲ್ಲಿಯ ಅನ್ನವನ್ನು ಉಂಡವರೆಲ್ಲರ ಹಾರೈಕೆಯಾಗಬೇಕು.